ರುಥೇನಿಯಮ್, ಕಬ್ಬಿಣ ಮತ್ತು ಮಿಜಾರಿನ ಗದ್ದೆ: ಕ್ರಿಯಾವರ್ಧಕಗಳ ಚರಿತ್ರೆಯ ಒಂದು ಅಧ್ಯಾಯ

1

ಮೂಡುಬಿದಿರೆಯ ಹೆಸರನ್ನು ಕೇಳಿದೊಡನೆ ಚರಿತ್ರೆಯ ವಿದ್ಯಾರ್ಥಿಗೆ ನೆನಪಾಗುವುದು ಸಾವಿರ ಕಂಬದ ಬಸದಿ, ಧವಲಾ ಗ್ರಂಥಗಳ ಓಲೆಗರಿಗಳು ಮತ್ತು ಚೌಟ ಅರಸರ ಅರಮನೆ. ಅಲ್ಲಿಂದ ಮಂಗಳೂರಿನ ಕಡೆಗೆ ಹೊರಟವರು ಹಾದುಹೋಗುವ ಮಿಜಾರಿಗೆ ಅಂತಹ ಪ್ರಸಿದ್ಧಿಯಿಲ್ಲ. ತೆಂಕಮಿಜಾರು, ಬಡಗಮಿಜಾರು ಎಂದು ಎರಡು ಗ್ರಾಮಗಳಾಗಿ ಹಬ್ಬಿರುವ ಈ ಊರಿನಲ್ಲಿ, ತುಳುನಾಡಿನ ಇತರ ಊರುಗಳಲ್ಲಿರುವಂತೆಯೇ, ಮೇಲೆ ಮುರಕಲ್ಲಿನ ಗುಡ್ಡ, ಕೆಳಗೆ ಬತ್ತದ ಗದ್ದೆ. ಬೈಲು, ಮಜಲು, ಬೆಟ್ಟು ಎಂದು ನೀರಿನ ಅನುಕೂಲವನ್ನು ನೋಡಿ ಗದ್ದೆಗಳನ್ನು ವಿಂಗಡಿಸಿ, ಏಣೆಲು, ಸುಗ್ಗಿ, ಕೊಳಕೆ ಎಂದು ಬೆಳೆಗಳನ್ನು ತೆಗೆಯುತ್ತ ಬಂದ ನಾಡು ಇದು.

ಒಂದೇ ಗದ್ದೆಯಲ್ಲಿ ಶತಮಾನಗಳಿಂದ ಬತ್ತವನ್ನು ಬೆಳೆಯುತ್ತ ಬಂದರೆ ಮಣ್ಣಿನ ಸಾರವು ಕುಂದಲೇಬೇಕು. ಕುಂದಿದ ಸಾರವನ್ನು ತುಂಬುವುದಕ್ಕೆ ಬೇಕಾದ ವಸ್ತುಗಳಲ್ಲಿ ಮುಖ್ಯವಾದದ್ದು ಸಾರಜನಕ. ಹಾಗಾದರೆ ಮಿಜಾರಿನ ಗದ್ದೆಗಳಿಗೆ ಈ ಸಾರಜನಕವು ಎಲ್ಲಿಂದ ಬಂದಿತು? ಪ್ರಶ್ನೆಯು ಕೃಷಿಶಾಸ್ತ್ರದ್ದೆಂದು ತೋರಿದರೂ ಅದಕ್ಕೆ ಉತ್ತರವನ್ನು ಹುಡುಕುತ್ತ ಹೋದಾಗ ನಾವು ಕಂದಾಯದ ಕಾನೂನು, ಜರ್ಮನಿಯ ಪ್ರಯೋಗಶಾಲೆ, ರಷ್ಯದ ಒಂದು ವಿಶ್ವವಿದ್ಯಾನಿಲಯ ಮತ್ತು ರುಥೇನಿಯಮ್ ಎಂಬ ವಿರಳ ಲೋಹ ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಬೇಕಾಗುತ್ತದೆ. ರಸಾಯನಶಾಸ್ತ್ರಜ್ಞರು ಕ್ರಿಯಾವರ್ಧಕವೆಂದು ಕರೆಯುವ ವಸ್ತುವಿಗೆ ನಮ್ಮ ನಾಡಿನ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟೆಂಬುದನ್ನು ತೋರಿಸುವುದೂ, ಆ ಸ್ಥಾನದ ಮಿತಿಯೇನೆಂಬುದನ್ನು ವಿಚಾರಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಹಳೆಯ ವ್ಯವಸ್ಥೆಯನ್ನು ನೋಡೋಣ. ಗುಡ್ಡದ ಸೊಪ್ಪು ಮತ್ತು ತರಗೆಲೆಗಳನ್ನು ತಂದು ಹಟ್ಟಿಯಲ್ಲಿ ಹಾಸಿ, ದನಗಳ ಸೆಗಣಿ ಗಂಜಲಗಳೊಡನೆ ಅದು ಕೊಳೆತ ಮೇಲೆ ಗದ್ದೆಗೆ ಹೊರುವುದು ಈ ಜಿಲ್ಲೆಯ ರೂಢಿ. ಇದರ ಜತೆಗೆ ಸುಡುಮಣ್ಣು, ಬೂದಿ. ಗದ್ದೆಯ ಫಲವತ್ತತೆಯು ಗದ್ದೆಯಲ್ಲಿಯೇ ಇರಲಿಲ್ಲ, ಅದು ಗುಡ್ಡದಲ್ಲಿತ್ತು. ಆದುದರಿಂದ ಗದ್ದೆಯ ಒಡೆತನದೊಂದಿಗೆ ಗುಡ್ಡದ ಮೇಲೆ ಒಂದು ಹಕ್ಕು ಅಂಟಿಕೊಂಡು ಬರುವುದು ಅನಿವಾರ್ಯವಾಯಿತು. ಇದೇ ಕುಮ್ಕಿ. ವರ್ಗದ ಭೂಮಿಯ ಅಂಚಿನಿಂದ 100 ಗಜಗಳ ಒಳಗಿನ ಸರಕಾರೀ ಜಮೀನಿನಲ್ಲಿ ವರ್ಗದಾರನು ಸೊಪ್ಪು, ಸೌದೆ, ಹುಲ್ಲುಗಳನ್ನು ಬೇಸಾಯದ ಉಪಯೋಗಕ್ಕಾಗಿ ತೆಗೆದುಕೊಳ್ಳಬಹುದೆಂಬ ಸೌಲಭ್ಯವಿದು. ಮದರಾಸು ಸರಕಾರದ ಕಂದಾಯ ಮಂಡಲಿಯ ಆಜ್ಞೆಗಳಲ್ಲಿ ಇದಕ್ಕೆ ಸ್ಥಾನವಿದ್ದಿತು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವೂ ಕುಮ್ಕಿ, ಬಾಣೆ, ಕಾನೆ ಮೊದಲಾದ ಸೌಲಭ್ಯಗಳನ್ನು ಉಳಿಸಿಕೊಂಡಿತು.

ಕುಮ್ಕಿಯನ್ನು ಸಾಮಾನ್ಯವಾಗಿ ಭೂಹಿಡುವಳಿಯ ಒಂದು ವಿಶೇಷವೆಂದು ವಿವರಿಸಿ ಬಿಡುತ್ತೇವೆ. ಅದು ಅಷ್ಟು ಮಾತ್ರವಲ್ಲ. ಕಾನೂನಿನ ಭಾಷೆಯಲ್ಲಿ ಬರೆದ ಸಾರಜನಕದ ಲೆಕ್ಕವೇ ಅದು. ಸೊಪ್ಪಿನ ಭಾರವನ್ನು ತಲೆಯ ಮೇಲೆ ಹೊತ್ತು ಇಳಿಯುವಷ್ಟು ಹತ್ತಿರದಲ್ಲಿ ಗುಡ್ಡವಿರಬೇಕು ಎಂಬ ಅನುಭವವು ಆ 100 ಗಜಗಳ ಎಲ್ಲೆಗೆ ಅರ್ಥವನ್ನು ಕೊಡುತ್ತದೆ. ಹಸಿ ಸೊಪ್ಪಿನಲ್ಲಿರುವ ಸಾರಜನಕವು ನೂರಕ್ಕೆ ಒಂದು ಭಾಗಕ್ಕಿಂತ ಕಡಮೆ. ಇಂದು ಅಂಗಡಿಯಲ್ಲಿ ದೊರೆಯುವ 45 ಕಿಲೋಗ್ರಾಮಿನ ಒಂದು ಚೀಲ ಯೂರಿಯಾದಲ್ಲಿ ನೂರಕ್ಕೆ 46ರಂತೆ ಸುಮಾರು 20 ಕಿಲೋಗ್ರಾಂ ಸಾರಜನಕವಿರುತ್ತದೆ. ಅಷ್ಟನ್ನು ಸೊಪ್ಪಿನಿಂದಲೇ ಪಡೆಯಬೇಕಾದರೆ ಎರಡು ಟನ್ನಿಗೂ ಮೀರಿದ ಸೊಪ್ಪನ್ನು ಕಡಿದು ಹೊರಬೇಕು. ಹೊತ್ತವರು ಯಾರು? ಹೆಚ್ಚಾಗಿ ವರ್ಗದಾರನಲ್ಲ, ಅವನ ಒಕ್ಕಲು, ಆಳುಗಳು, ಮನೆಯ ಹೆಂಗಸರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ವೇಣೂರು, ಮೂಡುಬಿದಿರೆ, ಕಾರ್ಕಳಗಳ ಮಾರ್ಗವಾಗಿ ಸಂಚರಿಸಿದ ಕಾಲಕ್ಕಾಗಲಿ, ಅದಕ್ಕೆ ಸ್ವಲ್ಪ ಮುಂಚೆ ಥಾಮಸ್ ಮನ್ರೋ ಕೆನರಾದ ಕಲೆಕ್ಟರನಾಗಿ ಕಂದಾಯವನ್ನು ಗೊತ್ತುಪಡಿಸಿದ ಕಾಲಕ್ಕಾಗಲಿ, ಗದ್ದೆಗೆ ಸಾರವನ್ನು ತರಲು ಇದಕ್ಕಿಂತ ಮುಖ್ಯವಾದ ಬೇರೆಯ ಮಾರ್ಗವು ಇಲ್ಲಿಯ ರೈತನಿಗೆ ಇರಲಿಲ್ಲ.

3

ಇದೇ ಶತಮಾನದಲ್ಲಿ ಯೂರೋಪಿನಲ್ಲಿ ಎರಡು ಸಂಗತಿಗಳು ನಡೆದವು. ಅವೆರಡಕ್ಕೂ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಸಾಕ್ಷಿಯಾದನೆಂಬುದು ಸ್ವಾರಸ್ಯವಾಗಿದೆ.

ಕೆಲವು ವಸ್ತುಗಳು ತಾವು ವ್ಯಯವಾಗದೆ ಇತರ ವಸ್ತುಗಳ ಸಂಯೋಗ ವಿಯೋಗಗಳನ್ನು ಶೀಘ್ರಗೊಳಿಸುತ್ತವೆಂಬುದು ಆ ಮೊದಲೇ ಕಂಡುಬಂದಿತ್ತು. 1823ರಲ್ಲಿ ಡೋಬರೈನರ್ ಎಂಬ ಜರ್ಮನ್ ವಿದ್ವಾಂಸನು ಪ್ಲಾಟಿನಮಿನ ಮೇಲೆ ಜಲಜನಕವನ್ನು ಹಾಯಿಸಿ, ಕಿಡಿಯಿಲ್ಲದೆಯೇ ಅದು ಹೊತ್ತಿಕೊಳ್ಳುವುದನ್ನು ತೋರಿಸಿದ್ದನು. ಇಂತಹ ಚದರಿದ ಅನುಭವಗಳನ್ನು ಒಟ್ಟುಗೂಡಿಸಿ 1835ರಲ್ಲಿ ಅವಕ್ಕೆ ‘ಕೆಟಾಲಿಸಿಸ್’ ಎಂಬ ಹೆಸರನ್ನಿಟ್ಟವನು ಬರ್ಜೀಲಿಯಸ್. ನಾವು ಕನ್ನಡದಲ್ಲಿ ಕ್ರಿಯಾವರ್ಧನೆ ಎನ್ನುವುದು ಇದನ್ನೇ.

ಎರಡನೆಯದು ರುಥೇನಿಯಮಿನ ಶೋಧ. ಯೂರಲ್ ಪರ್ವತಗಳ ಪ್ಲಾಟಿನಮ್ ಅದಿರನ್ನು ಆಮ್ಲದಲ್ಲಿ ಕರಗಿಸಿದ ಮೇಲೆ ಉಳಿಯುವ ಗಷ್ಟಿನಲ್ಲಿ ಹೊಸ ಧಾತುಗಳಿವೆಯೆಂದು 1828ರಲ್ಲಿಯೇ ಓಸಾನ್ ಎಂಬುವನು ಹೇಳಿ, ಅವುಗಳಲ್ಲೊಂದಕ್ಕೆ ರುಥೇನಿಯಮ್ ಎಂಬ ಹೆಸರನ್ನು ಸೂಚಿಸಿದ್ದನು. ಆದರೆ ಅವನ ವಾದವು ನಿಲ್ಲಲಿಲ್ಲ. 1844ರಲ್ಲಿ ಕಜಾನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕಾರ್ಲ್ ಕ್ಲಾಸ್ ಆ ಗಷ್ಟನ್ನು ಶ್ರಮದಿಂದ ಶೋಧಿಸಿ ನಿಜವಾದ ಹೊಸ ಲೋಹವನ್ನು ಬೇರ್ಪಡಿಸಿದನು. ಹಳೆಯ ಹೆಸರನ್ನೇ ಉಳಿಸಿಕೊಂಡನು. ರುಥೇನಿಯಾ ಎಂದರೆ ರಷ್ಯದ ನಾಡಿಗೆ ಲ್ಯಾಟಿನ್ ಭಾಷೆಯಲ್ಲಿ ಬಳಸುತ್ತಿದ್ದ ಹೆಸರು. ಕ್ಲಾಸ್ ತನ್ನ ಮಾದರಿಯನ್ನು ಬರ್ಜೀಲಿಯಸನಿಗೆ ಕಳುಹಿಸಿದಾಗ ಆ ವೃದ್ಧ ಪಂಡಿತನು ಮೊದಲು ನಂಬಲಿಲ್ಲ. ಇದು ಕಲ್ಮಷಗೊಂಡ ಇರಿಡಿಯಮ್ ಎಂದನು. ಅನಂತರ ಪುರಾವೆಗಳನ್ನು ಪರಿಶೀಲಿಸಿ ತನ್ನ ಅಭಿಪ್ರಾಯವನ್ನು ಹಿಂತೆಗೆದುಕೊಂಡನು. ಕ್ರಿಯಾವರ್ಧನೆಗೆ ಹೆಸರಿಟ್ಟವನೇ ಮುಂದೆ ಆ ಕಾರ್ಯದಲ್ಲಿ ಹೆಸರುಗಳಿಸಲಿದ್ದ ಲೋಹವನ್ನು ಮೊದಲು ಅಲ್ಲಗಳೆದನೆಂಬುದು ವಿದ್ಯಾರ್ಥಿಗಳು ನೆನಪಿಡತಕ್ಕ ವಿಷಯ. ಅದಕ್ಕಿಂತಲೂ ನೆನಪಿಡತಕ್ಕದ್ದು, ಆತನು ತಪ್ಪನ್ನು ಒಪ್ಪಿಕೊಂಡ ರೀತಿ.

ಇಲ್ಲಿ ರಸಾಯನಶಾಸ್ತ್ರದ ಒಂದು ಅಂಶವನ್ನು ಹೇಳಬೇಕು. ಧಾತುಗಳ ಆವರ್ತಕ ಕೋಷ್ಟಕದಲ್ಲಿ ಒಂದರ ಕೆಳಗೊಂದಾಗಿ ನಿಂತಿರುವ ಮೂರು ಲೋಹಗಳಿವೆ: ಕಬ್ಬಿಣ, ರುಥೇನಿಯಮ್, ಆಸ್ಮಿಯಮ್. ಇವುಗಳ ಪರಮಾಣು ಸಂಖ್ಯೆಗಳು ಕ್ರಮವಾಗಿ 26, 44 ಮತ್ತು 76. ಒಂದೇ ಸಾಲಿನ ಲೋಹಗಳಾದುದರಿಂದ ಗುಣಗಳಲ್ಲಿ ಸೋದರಿಯರಂತಿವೆ. ವಾಯುವಿನ ಸಾರಜನಕವನ್ನು ಗೊಬ್ಬರವಾಗಿ ಮಾಡುವ ಕಾರ್ಯದಲ್ಲಿ ಈ ಮೂವರೂ ಒಬ್ಬರ ಬಳಿಕ ಒಬ್ಬರು ರಂಗಕ್ಕೆ ಬಂದರು. ಆದರೆ ಬಂದುದು ಕೋಷ್ಟಕದ ಕ್ರಮದಲ್ಲಲ್ಲ.

4

ನಮ್ಮ ಸುತ್ತಲಿನ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇದ್ದರೂ ಅದು ಸಸ್ಯಗಳಿಗೆ ನೇರವಾಗಿ ಒದಗುವುದಿಲ್ಲ. ಅದರ ಎರಡೆರಡು ಪರಮಾಣುಗಳು ಬಲವಾದ ಮೂರು ಬಂಧಗಳಿಂದ ಕಟ್ಟಲ್ಪಟ್ಟಿವೆ. ಆ ಕಟ್ಟನ್ನು ಬಿಚ್ಚಿ ಜಲಜನಕದೊಡನೆ ಕೂಡಿಸಿದರೆ ಅಮೋನಿಯಾ ಆಗುತ್ತದೆ. ಅಮೋನಿಯಾದಿಂದ ಯೂರಿಯಾ ಮೊದಲಾದ ಗೊಬ್ಬರಗಳು. 1909ರ ಜುಲೈ ತಿಂಗಳಲ್ಲಿ ಫ್ರಿಟ್ಸ್ ಹಾಬರ್ ಕಾರ್ಲ್ಸ್‌ರೂಹೆ ನಗರದ ತನ್ನ ಪ್ರಯೋಗಶಾಲೆಯಲ್ಲಿ ಬಿ.ಎ.ಎಸ್.ಎಫ್. ಸಂಸ್ಥೆಯವರ ಎದುರು ಇದನ್ನು ಮಾಡಿ ತೋರಿಸಿದಾಗ ಆತನು ಬಳಸಿದ ಕ್ರಿಯಾವರ್ಧಕವು ಆಸ್ಮಿಯಮ್. ಅದು ಅತಿ ವಿರಳವಾದ ಲೋಹ. ಅದನ್ನು ನಂಬಿ ಕಾರ್ಖಾನೆಯನ್ನು ಕಟ್ಟುವಂತಿರಲಿಲ್ಲ. ಆಲ್ವಿನ್ ಮಿಟಾಷ್ ಮತ್ತು ಆತನ ಸಹಾಯಕರು ಕೆಲವೇ ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಿಶ್ರಣಗಳನ್ನು ಪರೀಕ್ಷಿಸಿ, ಕಡೆಗೆ ಸ್ವೀಡನ್ನಿನ ಒಂದು ಬಗೆಯ ಕಬ್ಬಿಣದ ಅದಿರಿನಲ್ಲಿ ತಮಗೆ ಬೇಕಾದುದನ್ನು ಕಂಡರು. ಶುದ್ಧ ಕಬ್ಬಿಣವಲ್ಲ, ಅಲ್ಯೂಮಿನ, ಪೊಟ್ಯಾಶ್ ಮೊದಲಾದುವು ಸ್ವಲ್ಪ ಸ್ವಲ್ಪ ಬೆರೆತ ಕಬ್ಬಿಣವೇ ಉತ್ತಮವೆಂದು ಗೊತ್ತಾಯಿತು. 1913ರಲ್ಲಿ ಕಾರ್ಲ್ ಬಾಷನ ನೇತೃತ್ವದಲ್ಲಿ ಓಪಾವ್ ಎಂಬಲ್ಲಿ ಕಾರ್ಖಾನೆಯು ಆರಂಭವಾಯಿತು. ಅದರ ಮರುವರ್ಷವೇ ಮಹಾಯುದ್ಧವು ಮೊದಲಾಗಿ, ಗೊಬ್ಬರಕ್ಕೆಂದು ಹುಟ್ಟಿದ ಅಮೋನಿಯಾ ಸಿಡಿಮದ್ದಿಗೂ ಸಲ್ಲುವಂತಾಯಿತು.

ನಮ್ಮ ನಾಡಿಗೆ ಈ ವಿದ್ಯೆಯು ಬಂದುದು ಎರಡು ದಾರಿಗಳಲ್ಲಿ. ಮೈಸೂರು ಸಂಸ್ಥಾನದಲ್ಲಿ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರ ದಶಕದ ಕೊನೆಯಲ್ಲಿ, ಬೆಳಗೊಳದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಸಂಸ್ಥೆಯು ಸ್ಥಾಪಿತವಾಯಿತು. ಭಾರತದಲ್ಲಿ ಅಮೋನಿಯಾವನ್ನು ಸಂಶ್ಲೇಷಿಸಿ ಗೊಬ್ಬರ ಮಾಡಿದ ಮೊದಮೊದಲ ಪ್ರಯತ್ನಗಳಲ್ಲಿ ಅದು ಒಂದು. ಆದರೆ ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಿತು. 1956ರ ನವೆಂಬರ್ 1ರವರೆಗೆ ಘಟ್ಟದ ಮೇಲಿನದು ಬೇರೆ ರಾಜ್ಯ. ದಕ್ಷಿಣದಲ್ಲಿ ತಿರುವಾಂಕೂರಿನ ಆಲುವಾಯಲ್ಲಿ 1947ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಾರ್ಖಾನೆಯು ತನಗೆ ಬೇಕಾದ ಅನಿಲವನ್ನು ಸೌದೆಯಿಂದ ಪಡೆಯಿತೆಂಬುದು ಗಮನಾರ್ಹ. ಸೊಪ್ಪಿನ ಬದಲು ಸೌದೆ. ಗದ್ದೆಯ ಸಾರವು ಆಗಲೂ ಕಾಡಿನಿಂದಲೇ ಹೊರಟಿತು, ಕಬ್ಬಿಣದ ಕ್ರಿಯಾವರ್ಧಕವನ್ನು ಹಾದು ಬಂದಿತಷ್ಟೆ. 1951ರಲ್ಲಿ ಸಿಂದ್ರಿಯ ಕಾರ್ಖಾನೆಯು ಆರಂಭವಾದ ಮೇಲೆ ಇದು ರಾಷ್ಟ್ರದ ದೊಡ್ಡ ಉದ್ಯಮಗಳಲ್ಲಿ ಒಂದಾಯಿತು.

ಮಿಜಾರಿಗೆ ಸಮೀಪದ ಘಟನೆ ನಡೆದುದು ಅದಕ್ಕೂ ಈಚೆಗೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದರ ಪಕ್ಕದಲ್ಲಿಯೇ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯು 1976ರಲ್ಲಿ ಯೂರಿಯಾ ಉತ್ಪಾದನೆಯನ್ನು ಪ್ರಾರಂಭಿಸಿತು. ಜಲಜನಕಕ್ಕೆ ಮೂಲವಾದದ್ದು ನಾಫ್ತಾ ಎಂಬ ಖನಿಜ ತೈಲದ ಉತ್ಪನ್ನ. 2021ರ ಜನವರಿ 5ರಂದು ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರಿನ ನೈಸರ್ಗಿಕ ಅನಿಲದ ಕೊಳವೆ ಉದ್ಘಾಟಿತವಾಯಿತು; ಆ ಸ್ಥಾನಕ್ಕೆ ಅನಿಲವು ಬಂದಿತು. ಹೀಗೆ ಮೂಲವಸ್ತುಗಳು ಬದಲಾದರೂ ಬದಲಾಗದೆ ನಿಂತದ್ದು ಮಿಟಾಷನ ಕಾಲದಿಂದ ಬಂದ ಕಬ್ಬಿಣದ ಪದ್ಧತಿ.

5

ಹಾಗಾದರೆ ನಡುವಿನ ಸೋದರಿಯಾದ ರುಥೇನಿಯಮ್ ಏನಾಯಿತು?

1972ರಲ್ಲಿ ಜಪಾನಿನ ಐಕಾ, ಓಜಾಕಿ ಮತ್ತು ಅವರ ಸಂಗಡಿಗರು, ಇಂಗಾಲದ ಮೇಲೆ ಹರಡಿದ ರುಥೇನಿಯಮಿಗೆ ಪೊಟ್ಯಾಸಿಯಮನ್ನು ಕೂಡಿಸಿದರೆ ಅದು ಅಮೋನಿಯಾ ಸಂಶ್ಲೇಷಣೆಯಲ್ಲಿ ಅಸಾಧಾರಣ ಶಕ್ತಿಯನ್ನು ತೋರುತ್ತದೆಂದು ಪ್ರಕಟಿಸಿದರು. ಪೊಟ್ಯಾಸಿಯಮ್ ತನ್ನ ಎಲೆಕ್ಟ್ರಾನುಗಳನ್ನು ರುಥೇನಿಯಮಿಗೆ ಕೊಡುತ್ತದೆ. ರುಥೇನಿಯಮ್ ಅವನ್ನು ಸಾರಜನಕಕ್ಕೆ ದಾಟಿಸಿ ಅದರ ಬಂಧವನ್ನು ಸಡಿಲಗೊಳಿಸುತ್ತದೆ. ಕಬ್ಬಿಣದ ಮೇಲೆ ತಯಾರಾದ ಅಮೋನಿಯಾವೇ ಅಂಟಿಕೊಂಡು ಮುಂದಿನ ಕ್ರಿಯೆಗೆ ಅಡ್ಡಿಯಾಗುತ್ತದೆ. ರುಥೇನಿಯಮಿನ ಮೇಲೆ ಆ ಅಡ್ಡಿ ಕಡಮೆ. ಆದುದರಿಂದ ಕಬ್ಬಿಣಕ್ಕೆ ಬೇಕಾಗುವ ಒತ್ತಡಕ್ಕಿಂತ ಕಡಮೆ ಒತ್ತಡದಲ್ಲಿಯೇ ಕೆಲಸವು ನಡೆಯುತ್ತದೆ. ಇಂಗ್ಲೆಂಡಿನ ಬಿ.ಪಿ. ಮತ್ತು ಅಮೆರಿಕದ ಕೆಲಾಗ್ ಸಂಸ್ಥೆಗಳು ಇದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದವು. 1992ರಲ್ಲಿ ಕೆನಡಾ ದೇಶದ ಕಿಟಿಮಾಟ್ ಎಂಬಲ್ಲಿ ರುಥೇನಿಯಮ್ ಮೊದಲ ಬಾರಿಗೆ ಅಮೋನಿಯಾ ಕಾರ್ಖಾನೆಯನ್ನು ಪ್ರವೇಶಿಸಿತು.

ಆದರೂ ಅದು ಕಬ್ಬಿಣವನ್ನು ಪದಚ್ಯುತಗೊಳಿಸಲಿಲ್ಲ. ಕಾರಣಗಳು ಸ್ಪಷ್ಟ. ಜಗತ್ತಿನ ಗಣಿಗಳಿಂದ ವರ್ಷಕ್ಕೆ ದೊರೆಯುವ ರುಥೇನಿಯಮ್ ಸುಮಾರು 30 ಟನ್ ಮಾತ್ರ. ಅದೂ ಬಹುಪಾಲು ದಕ್ಷಿಣ ಆಫ್ರಿಕದಲ್ಲಿ ಪ್ಲಾಟಿನಮಿನ ಜತೆಯಲ್ಲಿ ಹೊರಬರುವುದು. ಅದನ್ನು ಹೊತ್ತ ಇಂಗಾಲವು ಜಲಜನಕದೊಡನೆ ಸೇರಿ ನಿಧಾನವಾಗಿ ಮೀಥೇನ್ ಆಗಿ ಸವೆಯುವ ಭಯವೂ ಉಂಟು. ಕಬ್ಬಿಣವಾದರೋ ಅಗ್ಗ, ಒಮ್ಮೆ ತುಂಬಿದರೆ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಗುಣದಲ್ಲಿ ಮೇಲಾದದ್ದು ಬಳಕೆಯಲ್ಲಿಯೂ ಗೆಲ್ಲುತ್ತದೆಂದು ನಂಬುವವರಿಗೆ ಇದು ಒಂದು ಪಾಠ.

ಹಾಗೆಂದು ರುಥೇನಿಯಮ್ ನಿರುಪಯುಕ್ತವೆಂದಲ್ಲ. ಅದರ ಬಲವಿರುವುದು ಅದರ ಸಂಯುಕ್ತಗಳಲ್ಲಿ. ಆಮ್ಲಜನಕದೊಡನೆ ಅದು ನಾಲ್ಕು ಪರಮಾಣುಗಳವರೆಗೂ ಕೂಡಬಲ್ಲದು. ಆ ಹಳದಿಯ ಟೆಟ್ರಾಕ್ಸೈಡ್ ಸುಲಭವಾಗಿ ಆವಿಯಾಗುವ ವಿಷವಸ್ತು. ಹೀಗೆ ಎಲೆಕ್ಟ್ರಾನುಗಳನ್ನು ಬಗೆಬಗೆಯಾಗಿ ಕೊಟ್ಟು ತೆಗೆದುಕೊಳ್ಳುವ ಸಾಮರ್ಥ್ಯವೇ ಅದನ್ನು ಉತ್ತಮ ಮಧ್ಯವರ್ತಿಯನ್ನಾಗಿ ಮಾಡಿದೆ. ನೀರಿನಲ್ಲಿ ಕರಗುವ ರುಥೇನಿಯಮ್ ಟ್ರೈಕ್ಲೋರೈಡ್ ಪ್ರಯೋಗಶಾಲೆಗಳಲ್ಲಿ ಬಹುತೇಕ ಇತರ ಸಂಯುಕ್ತಗಳಿಗೆ ತಾಯಿಬೇರು. ಔಷಧಗಳನ್ನು ಎಡ ಬಲ ರೂಪಗಳಲ್ಲಿ ಬೇಕಾದುದೊಂದನ್ನೇ ಆರಿಸಿ ತಯಾರಿಸುವ ನೊಯೋರಿಯವರ ಸಂಯುಕ್ತಗಳಿಗೂ, ಇಂಗಾಲದ ಜೋಡಿಬಂಧಗಳನ್ನು ಬಿಡಿಸಿ ಬೇರೆಯಾಗಿ ಜೋಡಿಸುವ ಗ್ರಬ್ಸರ ಸಂಯುಕ್ತಗಳಿಗೂ ರುಥೇನಿಯಮೇ ಹೃದಯ. ಇವರಿಗೆ ಕ್ರಮವಾಗಿ 2001 ಮತ್ತು 2005ರಲ್ಲಿ ಇತರರೊಡನೆ ನೊಬೆಲ್ ಪಾರಿತೋಷಕವು ಸಂದಿತು. ಉಪ್ಪುನೀರಿನಿಂದ ಕಾಸ್ಟಿಕ್ ಸೋಡಾ ಮತ್ತು ಕ್ಲೋರೀನನ್ನು ತಯಾರಿಸುವ ಉದ್ಯಮದಲ್ಲಿ ಟೈಟೇನಿಯಮಿನ ಮೇಲೆ ರುಥೇನಿಯಮ್ ಆಕ್ಸೈಡನ್ನು ಲೇಪಿಸಿದ ವಿದ್ಯುದ್ವಾರಗಳು 1960ರ ದಶಕದಿಂದೀಚೆಗೆ ಹರಡಿದವು.

ಕರ್ನಾಟಕದ ವಿಶ್ವವಿದ್ಯಾನಿಲಯಗಳಿಗೂ ಈ ಲೋಹದ ಪರಿಚಯವು ಚೆನ್ನಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡಿ. ಎಸ್. ಮಹದೇವಪ್ಪನವರೂ ಅವರ ಶಿಷ್ಯರೂ ಕ್ಲೋರಮೀನ್-ಟಿ ಎಂಬ ಉತ್ಕರ್ಷಕದ ಕ್ರಿಯಾವೇಗಗಳನ್ನು ದೀರ್ಘಕಾಲ ಅಭ್ಯಸಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಎಸ್. ಟಿ. ನಂದಿಬೇವೂರರು ಕ್ಷಾರದ್ರಾವಣಗಳಲ್ಲಿ ಇಂತಹ ಅಭ್ಯಾಸವನ್ನು ಬೆಳೆಸಿದರು. ಈ ಬಗೆಯ ಪ್ರಯೋಗಗಳಲ್ಲಿ ರುಥೇನಿಯಮನ್ನು ಲೀಟರಿಗೆ ಒಂದು ಮೋಲಿನ ಹತ್ತು ಲಕ್ಷದಲ್ಲೊಂದು ಅಂಶದ ಪ್ರಮಾಣದಲ್ಲಿ ಸೇರಿಸಿದರೂ ಕ್ರಿಯೆಯ ವೇಗವು ಅಳೆಯುವಷ್ಟು ಏರುತ್ತದೆ. ದೊಡ್ಡ ಯಂತ್ರಗಳ ನೆರವಿಲ್ಲದೆ, ನೀರಿನ ತೊಟ್ಟಿ, ಗಡಿಯಾರ, ಬ್ಯುರೆಟ್ಟುಗಳಿಂದಲೇ ಆರಂಭಿಸಬಹುದಾದ ಅಭ್ಯಾಸವಾದುದರಿಂದ ನಮ್ಮ ಕಾಲೇಜುಗಳಿಗೆ ಅದು ಒಗ್ಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಲಜನಕದ ಅಣುವು ರುಥೇನಿಯಮಿಗೆ ಅಂಟಿಕೊಳ್ಳುವ ರೀತಿಯನ್ನು ಕುರಿತು ಬಾಲಾಜಿ ಜಾಗೀರದಾರರ ತಂಡವು ಸಂಶೋಧನೆಗಳನ್ನು ನಡೆಸಿದೆ.

6

ಈಗ ಚರಿತ್ರಕಾರನ ಪ್ರಶ್ನೆಗೆ ಬರೋಣ. ಕ್ರಿಯಾವರ್ಧಕದ ಹೆಸರು ಉತ್ಪನ್ನದಲ್ಲಿ ಉಳಿಯುವುದಿಲ್ಲ. ಯೂರಿಯಾದ ಕಾಳಿನಲ್ಲಿ ಕಬ್ಬಿಣವನ್ನು ಹುಡುಕಿದರೆ ಸಿಗದು. ಅಂತೆಯೇ ನಮ್ಮ ಜಿಲ್ಲೆಯ ಚರಿತ್ರೆಯನ್ನು ಬರೆಯುವವರೂ ಅರಸುಮನೆತನಗಳನ್ನು, ಬಸದಿಗಳನ್ನು, ಭೂಸುಧಾರಣೆಯನ್ನು ಕುರಿತು ಬರೆಯುತ್ತಾರೆ. ಸೊಪ್ಪಿನ ಹೊರೆಯು ತಲೆಯಿಂದ ಇಳಿದುದನ್ನು ಬರೆಯುವುದಿಲ್ಲ. ಈ ಲೋಪವನ್ನು ತಿದ್ದಬೇಕಾಗಿದೆ.

ಆದರೆ ತಿದ್ದುವಾಗ ಇನ್ನೊಂದು ತಪ್ಪಿಗೆ ಬೀಳಬಾರದು. ಕ್ರಿಯಾವರ್ಧಕವು ವೇಗವನ್ನು ಹೆಚ್ಚಿಸುತ್ತದೆಯೇ ಹೊರತು ಕ್ರಿಯೆಯ ಅಂತಿಮ ಸಮತೋಲವನ್ನು ಬದಲಾಯಿಸಲಾರದು. ಅದನ್ನು ನಿರ್ಧರಿಸುವುದು ಉಷ್ಣತೆ, ಒತ್ತಡ, ವಸ್ತುಗಳ ಪ್ರಮಾಣ. ಸಮಾಜದ ವಿಷಯದಲ್ಲಿಯೂ ಈ ಎಚ್ಚರಿಕೆ ಸಲ್ಲುತ್ತದೆ. ತುಳುನಾಡಿನ ಬೇಸಾಯವು ಬದಲಾದದ್ದು ಯೂರಿಯಾದಿಂದಲೇ ಎನ್ನಲಾಗದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಒಕ್ಕಲು ಒಡೆಯನಾದನು. ಎರಡು ವರ್ಷಗಳ ಬಳಿಕ ಪಣಂಬೂರಿನ ಚೀಲಗಳು ಹೊರಬಂದವು. ಅದಕ್ಕೆ ಮುಂಚೆಯೇ ಹೊಸ ಬತ್ತದ ತಳಿಗಳು ಬಂದಿದ್ದವು. ಇವುಗಳಲ್ಲಿ ಯಾವುದು ಕಾರಣ, ಯಾವುದು ಸಹಕಾರಿ ಎಂಬುದನ್ನು ಊರೂರಿನ ದಾಖಲೆಗಳಿಂದ ಬೇರ್ಪಡಿಸಬೇಕು. ಕ್ಲಾಸ್ ತನ್ನ ಗಷ್ಟಿನಿಂದ ಲೋಹಗಳನ್ನು ಬೇರ್ಪಡಿಸಿದಷ್ಟು ತಾಳ್ಮೆಯಿಂದ.

ಇದು ಕೇವಲ ಪಂಡಿತರ ವಿಷಯವಲ್ಲ. ಸೊಪ್ಪಿಗಾಗಿ ಹುಟ್ಟಿದ ಕುಮ್ಕಿಯ ಹಕ್ಕು, ಸೊಪ್ಪಿನ ಅಗತ್ಯವು ಕುಗ್ಗಿದ ಮೇಲೆಯೂ ಉಳಿಯಿತು. ಗುಡ್ಡದಲ್ಲಿ ಗೇರು, ರಬ್ಬರು, ಅಡಿಕೆಗಳು ಎದ್ದವು. ಕುಮ್ಕಿಯನ್ನು ತಮಗೆ ಪೂರ್ಣ ಸ್ವಾಮ್ಯದಲ್ಲಿ ಕೊಡಬೇಕೆಂದು ವರ್ಗದಾರರು ಕೇಳುತ್ತಾರೆ. ಅದೇ ಭೂಮಿಯಲ್ಲಿ ಮನೆಯ ನಿವೇಶನವನ್ನು ಭೂಹೀನರು ಕೇಳುತ್ತಾರೆ. ಹಕ್ಕಿನ ಮೂಲ ಉದ್ದೇಶವನ್ನೂ ಆ ಸೊಪ್ಪನ್ನು ಹೊತ್ತವರನ್ನೂ ಮರೆತು ಈ ವ್ಯಾಜ್ಯವನ್ನು ನ್ಯಾಯವಾಗಿ ತೀರ್ಮಾನಿಸುವುದು ಕಷ್ಟ. ಇಲ್ಲಿ ಚರಿತ್ರೆಯು ಒಂದು ಸಾಕ್ಷಿಯನ್ನು ನುಡಿಯಬೇಕಾಗಿದೆ.

ಮುಂದೆಯೂ ಬದಲಾವಣೆಗಳು ಬರಲಿವೆ. ಭಾರತ ಸರಕಾರವು 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆಯಿತ್ತಿತು. ಸೂರ್ಯನ ಮತ್ತು ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಪಡೆಯುವ ಚಿಕ್ಕ ಕಾರ್ಖಾನೆಗಳಿಗೆ ಕಡಮೆ ಒತ್ತಡದಲ್ಲಿ ಕೆಲಸ ಮಾಡುವ ಕ್ರಿಯಾವರ್ಧಕವು ಬೇಕು; ಆದುದರಿಂದ ಸಂಶೋಧಕರ ದೃಷ್ಟಿಯು ಮತ್ತೆ ರುಥೇನಿಯಮಿನ ಕಡೆಗೆ ತಿರುಗಿದೆ. ಅದು ಗೆಲ್ಲುವುದೋ ಅಥವಾ ಕಬ್ಬಿಣವೇ ಉಳಿಯುವುದೋ ಎಂಬುದನ್ನು ಚರಿತ್ರಕಾರನು ಮುನ್ನುಡಿಯಲಾರನು.

ಇಂದು ಮಿಜಾರಿನ ಗುಡ್ಡದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ತರಗತಿಯಲ್ಲಿ ಕ್ರಿಯಾವರ್ಧಕದ ಪಾಠವನ್ನು ಕೇಳಿದ ವಿದ್ಯಾರ್ಥಿಯು ಕಿಟಕಿಯಿಂದ ಕೆಳಗಿನ ಗದ್ದೆಗಳನ್ನು ನೋಡಿದರೆ, ಆ ಪಾಠದ ಒಂದು ಅಧ್ಯಾಯವು ಅಲ್ಲಿಯೂ ಬರೆಯಲ್ಪಟ್ಟಿದೆಯೆಂದು ಅವನಿಗೆ ತೋರಬೇಕು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಊರಿನ ಸಹಕಾರಿ ಸಂಘಗಳ ಗೊಬ್ಬರದ ಲೆಕ್ಕಗಳನ್ನು, ಕುಮ್ಕಿಯ ತಕರಾರು ಕಡತಗಳನ್ನು, ಸೊಪ್ಪನ್ನು ಹೊತ್ತ ಹಿರಿಯರ ನೆನಪುಗಳನ್ನು ಸಂಗ್ರಹಿಸಲು ಮುಂದಾಗಬೇಕು. ಕಡತಗಳು ಗೆದ್ದಲಿಗೆ ಸಿಕ್ಕದಿದ್ದರೆ ಸ್ವಲ್ಪ ಕಾಲ ಉಳಿದಾವು. ಹಿರಿಯರ ನೆನಪುಗಳಿಗೆ ಅಷ್ಟು ಕಾಲಾವಕಾಶವಿಲ್ಲ.